ಹಾಡಿನ ಚಿತ್ರ: ಚೌಕಟ್ಟಿನ ಒಳಗೂ ಹೊರಗೂ

(ಯಡಿಯೂರಿನಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಸಭೆಯನ್ನು ಏರ್ಪಡಿಸಿದವರು ನನ್ನನ್ನು ಬೆಲೆ ಏರಿಕೆಯ ಬಗ್ಗೆ ಮಾತನಾಡಲು ಕರೆದಿದ್ದರು. ನಾನೇ ಕೇಳಿಕೊಂಡು ವಿಷಯವನ್ನು ಬದಲಾಯಿಸಿದೆ. ಬೆಲೆ ಏರಿದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದನ್ನು ಹೇಳುವುದಕ್ಕೆ ಭಾಷಣಕಾರ ಬೇಕಾಗಿಲ್ಲ. ಇಂದು ನಾನು ಹಾಡಿನ ಚಿತ್ರಗಳ ಬಗ್ಗೆ ಮಾತನಾಡುತ್ತೇನೆ. ಸಿನಿಮಾದಲ್ಲಿ ಬರುವ ಹಾಡು, ಯೂಟ್ಯೂಬಿನಲ್ಲಿ ಬರುವ ವಿಡಿಯೋ ಹಾಡು, ಮೊಬೈಲಿನಲ್ಲಿ ಅರ್ಧ ನಿಮಿಷ ಕುಣಿದು ಮಾಯವಾಗುವ ರೀಲ್ಸು, ಇವೆಲ್ಲವೂ ಅದರಲ್ಲಿ ಸೇರಿವೆ. ಹಿಂದಿನ ಸಾಲಿನಲ್ಲಿ ಕೆಲವರು ನಕ್ಕಿರಿ. ನಗಿ, ನನಗೇನೂ ಬೇಸರವಿಲ್ಲ. ಆದರೆ ಈ ವಿಷಯವನ್ನು ಏಕೆ ಆರಿಸಿಕೊಂಡೆ ಎಂಬುದನ್ನು ಮೊದಲು ಕೇಳಿ.

ನನ್ನ ಗೆಳೆಯರೊಬ್ಬರು ಕೊಬ್ಬರಿ ವ್ಯಾಪಾರ ಮಾಡುತ್ತಾರೆ. ದೊಡ್ಡ ಮಂಡಿಯಲ್ಲ, ಸಣ್ಣ ಅಂಗಡಿ. ಅವರ ಮಗಳ ಮದುವೆ ಇದೇ ಯಡಿಯೂರಿನ ಛತ್ರವೊಂದರಲ್ಲಿ ಎಂದು ನಿಶ್ಚಯವಾಗಿತ್ತು. ಒಂದು ಸಂಜೆ ಬಂದು ನನ್ನ ಮುಂದೆ ಕುಳಿತರು. "ಅಣ್ಣ, ಮಗೀದು ಒಂದೇ ಹಠ. ಮದ್ವೆಗೆ ಮುಂಚೆ ಗಂಡು ಹೆಣ್ಣುದು ಹಾಡು ತೆಗಿಸ್ಬೇಕಂತೆ. ಮಾರ್ಕೋನಹಳ್ಳಿ ಡ್ಯಾಮಿನ ತಾವ ಒಂದಿನ, ಸಕಲೇಶಪುರದ ಕಡೆ ಒಂದಿನ. 60,000 ರೂಪಾಯಿ ಕೇಳ್ತಾವ್ರೆ. ಬಡ್ಡಿಗೆ ತರ್ಲಾ, ಬ್ಯಾಡ್ವಾ, ನೀನೇ ಹೇಳು" ಎಂದರು.

ಬೇಡ ಎಂದು ಹೇಳುವುದು ಸುಲಭ. ನಾನೂ ಹಾಗೆಯೇ ಹೇಳಿದೆ. ಆಗ ಅವರು ಇನ್ನೊಂದು ಪ್ರಶ್ನೆ ಕೇಳಿದರು. "ಅದ್ರಾಗೆ ಅಂಥಾದ್ದೇನೈತೆ ಅಂತ ಹೇಳು. ನಮ್ಮುಡುಗಿ ದಡ್ಡಿ ಅಲ್ಲ. ಅಂಗಡಿ ಲೆಕ್ಕ ಎಲ್ಲಾ ಅವ್ಳೇ ಬರೆಯೋದು." ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಉತ್ತರವಿಲ್ಲದೆ ಬುದ್ಧಿ ಹೇಳುವವನ ಮಾತನ್ನು ಮಕ್ಕಳು ಏಕೆ ಕೇಳಬೇಕು? ಅಂದಿನಿಂದ ಕೆಲವು ವಾರ ಹಾಡಿನ ಚಿತ್ರಗಳನ್ನು ಗಮನವಿಟ್ಟು ನೋಡಿದೆ. ನೋಡಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಕಾಣುವುದು ಮತ್ತು ಕಾಣದಿರುವುದು

2020ರ ನವೆಂಬರಿನಲ್ಲಿ ತಲಕಾಡಿನ ಬಳಿ ಕಾವೇರಿ ಹೊಳೆಯಲ್ಲಿ ಒಂದು ದುರಂತ ನಡೆಯಿತು. ಮದುವೆ ನಿಶ್ಚಯವಾಗಿದ್ದ ಗಂಡು ಹೆಣ್ಣು ಹರಿಗೋಲಿನಲ್ಲಿ ಚಿತ್ರ ತೆಗೆಸಿಕೊಳ್ಳಲು ಹೋಗಿ, ಆಯ ತಪ್ಪಿ ನೀರಿಗೆ ಬಿದ್ದು, ಇಬ್ಬರೂ ಮುಳುಗಿ ಸತ್ತರು. ಪತ್ರಿಕೆಗಳಲ್ಲಿ ನೀವೂ ಓದಿದ್ದೀರಿ. ಹುಡುಗಾಟ ಎಂದು ಅನೇಕರು ಬೈದರು. ನನಗೆ ಬೈಯಲು ಮನಸ್ಸು ಬರಲಿಲ್ಲ. ದೋಣಿಯಲ್ಲಿ ನಿಂತು ಕೈ ಚಾಚಿ ಹಾಡುವ ಜೋಡಿಯನ್ನು ನಾವೆಲ್ಲರೂ ನೂರಾರು ಸಲ ಪರದೆಯ ಮೇಲೆ ನೋಡಿದ್ದೇವೆ. ಪರದೆಯ ಮೇಲೆ ನದಿಯಿದೆ, ದೋಣಿಯಿದೆ, ಇಬ್ಬರಿದ್ದಾರೆ. ಕಾಣದಿರುವುದು ಏನು? ನೆಟ್ಟಗೆ ಏರ್ಪಾಟು ಮಾಡಿದ ಚಿತ್ರೀಕರಣವಾದರೆ ಪಕ್ಕದಲ್ಲಿ ಇನ್ನೊಂದು ದೋಣಿ ಇರುತ್ತದೆ, ಈಜು ಬಲ್ಲವರು ಇರುತ್ತಾರೆ, ನೀರಿನ ಆಳ ನೋಡಿದವರು ಇರುತ್ತಾರೆ. ಅವರೆಲ್ಲ ಕ್ಯಾಮೆರಾದ ಚೌಕಟ್ಟಿನಿಂದ ಹೊರಗೆ ನಿಂತಿರುತ್ತಾರೆ. ತಲಕಾಡಿನ ಮಕ್ಕಳು ಚೌಕಟ್ಟಿನ ಒಳಗಿದ್ದದ್ದನ್ನು ಅನುಕರಿಸಿದರು. ಹೊರಗಿರುವುದನ್ನು ಅವರಿಗೆ ಯಾರೂ ತೋರಿಸಿರಲಿಲ್ಲ.

ನಾನು ಇಂದು ಹೇಳಬೇಕಾದ ಮಾತು ಇಷ್ಟೇ. ಹಾಡಿನ ಚಿತ್ರ ಎಂಬುದು ತೋರಿಸುವ ಕಲೆ ಎಷ್ಟೋ, ಬಿಟ್ಟುಬಿಡುವ ಕಲೆಯೂ ಅಷ್ಟೇ. ಏನನ್ನು ಬಿಟ್ಟಿದ್ದಾರೆ ಎಂದು ಕೇಳುವ ಅಭ್ಯಾಸ ನಮಗೆ ಬರಬೇಕು.

ಯಡಿಯೂರಿನವರಿಗೆ ಇದು ಕಷ್ಟವಾಗಬಾರದು. ಸಿದ್ಧಲಿಂಗೇಶ್ವರನ ತೇರಿನ ಫೋಟೋ ನಿಮ್ಮ ಮನೆಗಳಲ್ಲಿದೆ. ಅದರಲ್ಲಿ ಕಳಸ ಕಾಣುತ್ತದೆ, ಬಾವುಟ ಕಾಣುತ್ತದೆ, ಹಗ್ಗ ಹಿಡಿದ ಜನ ಸ್ವಲ್ಪ ಕಾಣುತ್ತಾರೆ. ಚಕ್ರದ ಬುಡದಲ್ಲಿ ಬಗ್ಗಿ, ಮರದ ತುಂಡು ಕೊಟ್ಟು ತೇರಿನ ದಿಕ್ಕು ತಿದ್ದುವವನು ಕಾಣುವುದಿಲ್ಲ. ಆದರೆ ತೇರು ಎಳೆದ ನಿಮಗೆ ಅವನು ಅಲ್ಲಿ ಇದ್ದಾನೆಂದು ಗೊತ್ತು. ಆ ತಿಳಿವಳಿಕೆಯನ್ನೇ ಹಾಡಿನ ಚಿತ್ರಕ್ಕೂ ಒಯ್ಯೋಣ.

ಗುಬ್ಬಿಯ ಪರದೆಯಿಂದ ಶುರು

ಈ ಹಾಡಿನ ಚಿತ್ರದ ಕಲೆ ಅಮೆರಿಕದಿಂದ ಬಂತೆಂದು ಹಲವರು ತಿಳಿದಿದ್ದಾರೆ. ಅರ್ಧ ಮಾತ್ರ ನಿಜ. ಇನ್ನರ್ಧ ನಮ್ಮ ಜಿಲ್ಲೆಯದೇ. ಗುಬ್ಬಿಯಲ್ಲಿ 1884ರಲ್ಲಿ ಶುರುವಾದ ಚನ್ನಬಸವೇಶ್ವರ ನಾಟಕ ಕಂಪನಿ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿನಲ್ಲೆಲ್ಲ ಹೆಸರಾಯಿತು. ಕಂಪನಿ ನಾಟಕದಲ್ಲಿ ಬಣ್ಣ ಬರೆದ ಪರದೆಗಳಿದ್ದವು. ಬೀದಿಯ ಪರದೆ, ಕಾಡಿನ ಪರದೆ, ಅರಮನೆಯ ಪರದೆ. ಹಾಡು ಶುರುವಾಗುವಾಗ ಒಂದು ಪರದೆ, ಅದರ ನಂತರ ಮತ್ತೊಂದು. 'ಕುರುಕ್ಷೇತ್ರ' ನಾಟಕದಲ್ಲಿ ವೀರಣ್ಣನವರು ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಇವತ್ತು ಹಾಡಿನ ಪಲ್ಲವಿ ಮಲೆನಾಡಿನಲ್ಲಿ, ಚರಣ ವಿದೇಶದ ಹಿಮದಲ್ಲಿ ನಡೆದರೆ ನಾವು "ಇದೇನು ಹುಚ್ಚು" ಎಂದು ಕೇಳುವುದಿಲ್ಲ. ಏಕೆ? ಪರದೆ ಬದಲಾದರೆ ಊರು ಬದಲಾಯಿತೆಂದು ಒಪ್ಪಿಕೊಳ್ಳುವ ಅಭ್ಯಾಸ ನಮ್ಮ ತಾತಂದಿರ ಕಾಲದಿಂದ ಬಂದಿದೆ.

ಆದರೆ ಒಂದು ವ್ಯತ್ಯಾಸವಿತ್ತು. ಕಂಪನಿ ನಾಟಕದಲ್ಲಿ ಹಾರ್ಮೋನಿಯಂ ನುಡಿಸುವವರು ಜನರ ಕಣ್ಣಿಗೆ ಕಾಣುತ್ತಿದ್ದರು. ಹಾಡುವವನ ಬೆವರು ಕಾಣುತ್ತಿತ್ತು. ಹಾಡು ಚೆನ್ನಾಗಿದ್ದರೆ "ಒನ್ಸ್ ಮೋರ್" ಎಂದು ಕೂಗುತ್ತಿದ್ದರು, ಅವನು ಮತ್ತೆ ಹಾಡುತ್ತಿದ್ದ. ಹಾಡುವವನಿಗೂ ಕೇಳುವವನಿಗೂ ಪರಸ್ಪರ ಮುಖ ಕಾಣುತ್ತಿತ್ತು.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ಬಂದಿತು. ಅದನ್ನು ತೆಗೆದದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ. ಆ ಕಾಲದ ಚಿತ್ರಗಳಲ್ಲಿ ನಟರು ಕ್ಯಾಮೆರಾದ ಮುಂದೆಯೇ ಹಾಡುತ್ತಿದ್ದರು, ವಾದ್ಯದವರು ಚೌಕಟ್ಟಿನ ಆಚೆ ಕುಳಿತು ನುಡಿಸುತ್ತಿದ್ದರು. ಚೌಕಟ್ಟಿನ ಹೊರಕ್ಕೆ ಹೋದ ಮೊದಲ ಕೆಲಸಗಾರರು ಅವರೇ. ಆಮೇಲೆ ಹಿನ್ನೆಲೆ ಗಾಯನ ಬಂದು ಹಾಡುವವರೂ ಹೊರಗೆ ಹೋದರು. ಹಾಡನ್ನು ಮೊದಲೇ ಮುದ್ರಿಸಿಕೊಂಡು, ಚಿತ್ರೀಕರಣದ ಜಾಗದಲ್ಲಿ ಧ್ವನಿವರ್ಧಕದಲ್ಲಿ ಹಾಕಿ, ನಟರು ಅದಕ್ಕೆ ತುಟಿ ಕೂಡಿಸುವ ಪದ್ಧತಿ ನಿಂತಿತು. ಎಷ್ಟೋ ವರ್ಷ ರಾಜಕುಮಾರರ ತುಟಿಯಲ್ಲಿ ಪಿ.ಬಿ. ಶ್ರೀನಿವಾಸರ ಧ್ವನಿ ಕೇಳಿದೆವು. ಎರಡು ದೇಹದ ದುಡಿಮೆ ಒಂದೇ ಮುಖದಲ್ಲಿ ಕಂಡಿತು. 1974ರ 'ಸಂಪತ್ತಿಗೆ ಸವಾಲ್' ನಂತರ ರಾಜಕುಮಾರರೇ ತಮ್ಮ ಹಾಡುಗಳನ್ನು ಹಾಡತೊಡಗಿದರು.

ಇದು ಸ್ಯಾಂಪಲ್ಲು

ಅಮೆರಿಕದ ಅರ್ಧವನ್ನೂ ನೋಡೋಣ. ಅಲ್ಲಿ 1981ರ ಆಗಸ್ಟ್ 1ರಂದು ಎಂಟಿವಿ ಎಂಬ ಟೆಲಿವಿಷನ್ ವಾಹಿನಿ ಶುರುವಾಯಿತು. ದಿನವಿಡೀ ಹಾಡಿನ ಚಿತ್ರ ತೋರಿಸುವುದೇ ಅದರ ಕೆಲಸ. ಆ ಚಿತ್ರಗಳಿಗೆ ಹಣ ಹಾಕಿದವರು ಬಹುಮಟ್ಟಿಗೆ ಧ್ವನಿಮುದ್ರಿಕೆ ಮಾರುವ ಕಂಪನಿಗಳು. ಚಿತ್ರ ನೋಡಿದವನು ಅಂಗಡಿಗೆ ಹೋಗಿ ಮುದ್ರಿಕೆ ಕೊಳ್ಳಲಿ ಎಂಬುದು ಉದ್ದೇಶ. ಇಲ್ಲಿರುವ ವರ್ತಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದು ಸ್ಯಾಂಪಲ್ಲು. ಗಿರಾಕಿಯ ಅಂಗೈಗೆ ಒಂದು ಚಿಟಿಕೆ ಬೆಲ್ಲ ಹಾಕಿದ ಹಾಗೆ.

ನಮ್ಮಲ್ಲಿ 1987ರಲ್ಲಿ ರವಿಚಂದ್ರನ್ ಅವರ 'ಪ್ರೇಮಲೋಕ' ಬಂದಿತು. ಹಂಸಲೇಖರ ಸಂಗೀತ, ಹಂಸಲೇಖರ ಸಾಹಿತ್ಯ. ಕಾಲೇಜು ಹುಡುಗರು, ಮೋಟಾರ್ ಸೈಕಲ್ಲು, ಮಾತಿನಂತೆ ಓಡುವ ಹಾಡು. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಮದುವೆಮನೆಯಲ್ಲಿ ಅದೇ ಕ್ಯಾಸೆಟ್ಟು. ತಾಳಕ್ಕೆ ಸರಿಯಾಗಿ ಚಿತ್ರ ಕತ್ತರಿಸುವ ರೀತಿ ಕನ್ನಡದ ಜನಕ್ಕೆ ರುಚಿಸಿದ್ದು ಹೆಚ್ಚಾಗಿ ಅಲ್ಲಿಂದ. ನಾನೂ ಆ ಕ್ಯಾಸೆಟ್ಟು ಕೊಂಡವನೇ, ಮುಚ್ಚಿಡುವುದೇಕೆ? ಈಗ ಕ್ಯಾಸೆಟ್ಟೂ ಇಲ್ಲ. ಸಿನಿಮಾ ಬರುವ ತಿಂಗಳುಗಳ ಮುಂಚೆಯೇ ಹಾಡು ಯೂಟ್ಯೂಬಿನಲ್ಲಿ ಬರುತ್ತದೆ. ಎಷ್ಟೋ ಸಲ ಅದರಲ್ಲಿ ನಟರೂ ಪೂರ್ತಿ ಇರುವುದಿಲ್ಲ. ಹಾಡಿನ ಅಕ್ಷರಗಳು ತೇಲುತ್ತಿರುತ್ತವೆ, ನಡುವೆ ನಾಯಕನ ಎರಡು ನೋಟ. ಸ್ಯಾಂಪಲ್ಲಿಗೇ ಒಂದು ಸ್ಯಾಂಪಲ್ಲು!

ಸ್ಯಾಂಪಲ್ಲು ಎಂದ ಮೇಲೆ ಗಿರಾಕಿ ಎದ್ದು ಹೋಗಬಾರದು. ಹಾಡಿನ ಚಿತ್ರದ ಎಷ್ಟೋ ಕಟ್ಟಳೆಗಳು ಈ ಒಂದು ಭಯದಿಂದಲೇ ಹುಟ್ಟಿವೆ.

ಕೈಚಳಕಗಳು

ಮೊದಲನೆಯದು ಕತ್ತರಿ. ಇಂದಿನ ಹಾಡೊಂದನ್ನು ಹಾಕಿ, ಚಿತ್ರ ಬದಲಾದಾಗಲೆಲ್ಲ ಒಂದು, ಎರಡು ಎಂದು ಎಣಿಸಿ. ಕುಣಿತದ ಹಾಡಾದರೆ ಎಣಿಸುವ ನಾಲಿಗೆ ಸೋಲುತ್ತದೆ. ಎರಡು ಮೂರು ಸೆಕೆಂಡಿಗೆ ಒಂದು ಚಿತ್ರ, ಕೆಲವು ಕಡೆ ಅದಕ್ಕೂ ಕಡಿಮೆ. ಮದ್ದಲೆಯ ಏಟು ಬಿದ್ದ ಕಡೆ ಚಿತ್ರ ಹಾರುತ್ತದೆ. ಕಣ್ಣಿಗೆ ಒಂದು ವಸ್ತುವನ್ನು ಪೂರ್ತಿ ನೋಡಲು ಸಮಯವಿಲ್ಲ. ಪೂರ್ತಿ ನೋಡಿದರೆ ಪ್ರಶ್ನೆ ಏಳುತ್ತದೆ: ಈ ಹುಡುಗ ಯಾರು, ಇಷ್ಟು ಒಳ್ಳೆಯ ಕಾರು ಎಲ್ಲಿಂದ ತಂದ, ಕೆಲಸಕ್ಕೆ ಯಾವಾಗ ಹೋಗುತ್ತಾನೆ? ಕತ್ತರಿ ಆ ಪ್ರಶ್ನೆಗಿಂತ ಮುಂದೆ ಓಡುತ್ತದೆ.

ಎರಡನೆಯದು ವೇಗ. ನಾಯಕಿ ತಲೆ ತಿರುಗಿಸುತ್ತಾಳೆ. ಕೂದಲು ಮೋಡದ ಹಾಗೆ ತೇಲುತ್ತದೆ. ಸಿನಿಮಾ ಕ್ಯಾಮೆರಾ ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರ ತೆಗೆಯುತ್ತದೆ. 48 ತೆಗೆದು 24ರ ವೇಗದಲ್ಲಿ ತೋರಿಸಿದರೆ ಚಲನೆ ಅರ್ಧಕ್ಕೆ ಇಳಿಯುತ್ತದೆ. ಆದರೆ ತುಟಿ ಹಾಡಿಗೆ ಕೂಡಬೇಕಲ್ಲ? ಅದಕ್ಕಾಗಿ ಚಿತ್ರೀಕರಣದ ಜಾಗದಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕುತ್ತಾರೆ. ನಟಿ ಅಷ್ಟೇ ವೇಗದಲ್ಲಿ ತುಟಿ ಆಡಿಸಬೇಕು. ಪರದೆಯ ಮೇಲೆ ಅತ್ಯಂತ ನಿರಾಳವಾಗಿ ಕಾಣುವ ಆ ಗಳಿಗೆ, ತೆಗೆಯುವಾಗ ಅತ್ಯಂತ ಅವಸರದ ಗಳಿಗೆ. ಗಿರಣಿಯಲ್ಲಿ ಯಂತ್ರದ ವೇಗಕ್ಕೆ ಕೈ ಕೂಡಿಸಿದ ನಿಮಗೆ ಇದರ ಕಷ್ಟ ತಿಳಿಯುತ್ತದೆ.

ಮೂರನೆಯದು ಮಳೆ. 2006ರ 'ಮುಂಗಾರು ಮಳೆ' ಬಂದ ಮೇಲೆ ಮಳೆಯಿಲ್ಲದ ಪ್ರೇಮವೇ ಇಲ್ಲ ಎಂಬಂತಾಯಿತು. ಮಲೆನಾಡಿನ ನಿಜವಾದ ಮಳೆಗಾಲ ಬೇರೆ ಮಾತು. ಆದರೆ ಪರದೆಯ ಮೇಲಿನ ಎಷ್ಟೋ ಮಳೆ ಟ್ಯಾಂಕರಿನಿಂದ ಕೊಳಾಯಿಗೆ ಏರಿ, ಮೇಲಿನಿಂದ ಚಿಮುಕಿಸಿದ ನೀರು. ಇನ್ನೊಂದು ಗುಟ್ಟು ಕೇಳಿ. ಹನಿಗಳ ಹಿಂದಿನಿಂದ ಬೆಳಕು ಬಿಡದಿದ್ದರೆ ಮಳೆ ಕ್ಯಾಮೆರಾದ ಕಣ್ಣಿಗೆ ಸರಿಯಾಗಿ ಬೀಳುವುದೇ ಇಲ್ಲ. ಆದುದರಿಂದ ಚಿತ್ರದ ಮಳೆಯಲ್ಲಿ ಯಾವಾಗಲೂ ನಾಯಕ ನಾಯಕಿಯ ಬೆನ್ನ ಹಿಂದೆ ಒಂದು ಹೊಳಪು. ಬೇಸಿಗೆಯಲ್ಲಿ ಕೊಡ ಹಿಡಿದು ಟ್ಯಾಂಕರಿಗೆ ಕಾಯುವ ನಮ್ಮ ತಾಲೂಕುಗಳ ಹೆಂಗಸರು ಆ ಮಳೆಯನ್ನು ನೋಡುವಾಗ ಟ್ಯಾಂಕರನ್ನೂ ನೆನೆದರೆ ತಪ್ಪೇನಿಲ್ಲ.

ನಾಲ್ಕನೆಯದು ಹೊತ್ತು. ಹಾಡುಗಳಲ್ಲಿ ಸದಾ ಹೊಂಬಿಸಿಲು. ನಡು ಮಧ್ಯಾಹ್ನ ಎಂಬುದೇ ಇಲ್ಲ. ಹೊತ್ತು ಹುಟ್ಟುವಾಗ ಅರ್ಧ ಗಂಟೆ, ಮುಳುಗುವಾಗ ಅರ್ಧ ಗಂಟೆ, ಇಷ್ಟರಲ್ಲಿ ತೆಗೆದ ತುಂಡುಗಳನ್ನು ಹಲವು ದಿನ ಕೂಡಿಸಿ ಒಂದೇ ಸಂಜೆ ಎಂದು ತೋರಿಸುತ್ತಾರೆ. ನಾವು ದುಡಿಯುವ ಹೊತ್ತು ಯಾವುದೋ ಆ ಹೊತ್ತು ಆ ಲೋಕದಲ್ಲಿ ಇಲ್ಲ. ನಡುವೆ ವಾದ್ಯದ ತುಂಡು ಬಂದಾಗ ಉಡುಪು ಬದಲಾಗುತ್ತದೆ. ಒಂದು ಹಾಡಿಗೆ ಆರು ಸೀರೆ. ಅದನ್ನು ಹೊಲಿದ ದರ್ಜಿ, ಇಸ್ತ್ರಿ ಮಾಡಿದವನು, ಮಡಿಸಿಟ್ಟ ಹೆಂಗಸು ಚೌಕಟ್ಟಿನ ಹೊರಗೆ.

ಸುತ್ತು ಹೋಗಿ ಸಾಲು ಬಂತು

ಈಗ ಕುಣಿತಕ್ಕೆ ಬರುತ್ತೇನೆ. ಇದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ವಿಷಯ.

ನಮ್ಮ ಹಳ್ಳಿಯ ಕೋಲಾಟವನ್ನು ನೆನೆಯಿರಿ. ಸುತ್ತಾಗಿ ನಿಲ್ಲುತ್ತಾರೆ. ಒಬ್ಬರ ಮುಖ ಇನ್ನೊಬ್ಬರ ಕಡೆಗೆ. ನನ್ನ ಕೋಲು ನಿನ್ನ ಕೋಲಿಗೆ ತಾಗಬೇಕು, ನೀನು ತಪ್ಪಿದರೆ ನಾನೂ ತಪ್ಪಿದೆ. ನೋಡುವವರು ಸುತ್ತಲೂ ಇರುತ್ತಾರೆ, ಯಾವ ಕಡೆಯೂ ಹಿಂದಲ್ಲ, ಯಾವ ಕಡೆಯೂ ಮುಂದಲ್ಲ. ಹಾಡಿನ ಚಿತ್ರದಲ್ಲಿ ಆ ಸುತ್ತು ಬಿಚ್ಚಿ ಸಾಲಾಯಿತು. ಎಲ್ಲರ ಮುಖವೂ ಒಂದೇ ಕಡೆಗೆ, ಕ್ಯಾಮೆರಾದ ಕಡೆಗೆ. ಮುಂದೆ ನಾಯಕ, ಹಿಂದೆ ಎರಡು, ಅದರ ಹಿಂದೆ ನಾಲ್ಕು, ಹೀಗೆ ತ್ರಿಕೋನ. 1983ರಲ್ಲಿ ಬಂದ ಮೈಕೇಲ್ ಜಾಕ್ಸನ್ನರ 'ಥ್ರಿಲ್ಲರ್' ಈ ಗುಂಪುಕುಣಿತವನ್ನು ಜಗತ್ತಿಗೆಲ್ಲ ಪರಿಚಯ ಮಾಡಿಸಿತು. ನಮ್ಮ ಮೈಸೂರು ಸೀಮೆಯ ಮೂಗೂರು ಸುಂದರ್ ಅವರು, ಅವರ ಮಗ ಪ್ರಭುದೇವ ಅವರು, ದಕ್ಷಿಣದ ಚಿತ್ರಗಳಲ್ಲಿ ಕುಣಿತದ ರೀತಿಯನ್ನೇ ತಿದ್ದಿದರು. ಅವರ ಮೈ ಎಂಥ ದುಡಿಮೆ ಕಂಡ ಮೈ ಎಂಬುದು ನೋಡಿದವರಿಗೆ ಗೊತ್ತು. ಕುಣಿಯುವವರ ಶ್ರಮವನ್ನು ನಾನು ಹಳಿಯುತ್ತಿಲ್ಲ.

ನಾನು ತೋರಿಸುತ್ತಿರುವುದು ಹಿಂದಿನ ಸಾಲನ್ನು. ಅವರಿಗೆಲ್ಲ ಒಂದೇ ಉಡುಪು. ಒಬ್ಬರಿಗೂ ಹೆಸರಿಲ್ಲ. ಕ್ಯಾಮೆರಾದ ಮಸೂರವನ್ನು ನಾಯಕನ ಮುಖಕ್ಕೆ ಕೂಡಿಸಿದಾಗ ಹಿಂದಿನವರ ಮುಖ ಮಸುಕಾಗುತ್ತದೆ. ಕ್ಯಾಮೆರಾವನ್ನು ನೆಲಕ್ಕೆ ಇಳಿಸಿ ಮೇಲೆ ನೋಡುವಂತೆ ಇಟ್ಟರೆ ಮುಂದಿನವನು ಬೆಟ್ಟವಾಗುತ್ತಾನೆ, ಹಿಂದಿನವರು ಅವನ ತೋಳಿನ ಸಂದಿಯಲ್ಲಿ ಚುಕ್ಕೆಗಳಾಗುತ್ತಾರೆ. ಅವರು ನಾಯಕನಷ್ಟೇ ಕುಣಿದಿದ್ದಾರೆ, ಅವನು ತಪ್ಪಿದಾಗಲೆಲ್ಲ ಅವರೂ ಮೊದಲಿನಿಂದ ಕುಣಿದಿದ್ದಾರೆ.

ಚೌಕಟ್ಟಿನ ಹೊರಗೆ ಸಾವೂ ಇದೆ. 2016ರ ನವೆಂಬರಿನಲ್ಲಿ 'ಮಾಸ್ತಿ ಗುಡಿ' ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿದ ಅನಿಲ್, ಉದಯ್ ಎಂಬ ಇಬ್ಬರು ಕಲಾವಿದರು ಮುಳುಗಿ ತೀರಿಕೊಂಡರು. ಅದು ಹಾಡಲ್ಲ, ಹೊಡೆದಾಟದ ದೃಶ್ಯ. ಆದರೂ ಹೇಳಿದೆ. ನೀರು ಹಾಡಿಗೂ ಹೊಡೆದಾಟಕ್ಕೂ ಭೇದ ಮಾಡುವುದಿಲ್ಲ.

ಈಗ ಮೊಬೈಲು ಬಂದು ಚೌಕಟ್ಟೇ ಎದ್ದು ನಿಂತಿದೆ. ಅಡ್ಡ ಇದ್ದ ಪರದೆ ಉದ್ದವಾಯಿತು. ಆ ಉದ್ದ ಚೌಕಟ್ಟಿನಲ್ಲಿ ಒಬ್ಬರು ನಿಲ್ಲಬಹುದು, ಒತ್ತಿಕೊಂಡರೆ ಇಬ್ಬರು. ಕೋಲಾಟದ ಸುತ್ತು ಹೋಗಿ ಸಾಲಾಯಿತು, ಸಾಲು ಹೋಗಿ ಒಂಟಿಯಾಯಿತು. ಹಾಡಿನಲ್ಲಿ ಮತ್ತೆ ಮತ್ತೆ ಬರುವ ಒಂದು ಹೆಜ್ಜೆ ಇರುತ್ತದೆ, ಮಕ್ಕಳು ಅದನ್ನು ಹುಕ್ ಸ್ಟೆಪ್ ಎನ್ನುತ್ತಾರೆ. ಹುಕ್ ಎಂದರೆ ಕೊಕ್ಕೆ. ಹೆಸರು ಇಟ್ಟವರು ಸುಳ್ಳು ಹೇಳಿಲ್ಲ. ಆ ಹೆಜ್ಜೆಯನ್ನು ಸಾವಿರಾರು ಮನೆಗಳಲ್ಲಿ ಸಾವಿರಾರು ಮಕ್ಕಳು ಒಬ್ಬೊಬ್ಬರೇ ಕುಣಿದು ಹಾಕುತ್ತಾರೆ. ಅದರಿಂದ ಹಾಡಿಗೆ ಪ್ರಚಾರ ಸಿಗುತ್ತದೆ. ಕೂಲಿ ಕೇಳದ ಹಿಂದಿನ ಸಾಲು!

ಒಂದು ಒನಕೆ, ಒಂದು ಜೋಳಿಗೆ

ಹಾಗಾದರೆ ಹಾಡಿನ ಚಿತ್ರ ಎಂಬುದೇ ಮೋಸವೆ? ಅಲ್ಲ. ಇದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ.

ಪುಟ್ಟಣ್ಣ ಕಣಗಾಲರ 'ನಾಗರಹಾವು' 1972ರಲ್ಲಿ ಬಂದಿತು. ಅದರಲ್ಲಿ ಚಿತ್ರದುರ್ಗದ ಓಬವ್ವನ ಕಥೆಯನ್ನು ಒಂದೇ ಹಾಡಿನಲ್ಲಿ ಹೇಳಿದ್ದಾರೆ. ಓಬವ್ವನಾಗಿ ಜಯಂತಿಯವರು, ಸಂಗೀತ ವಿಜಯಭಾಸ್ಕರರದು. ಅಲ್ಲಿಯೂ ಕತ್ತರಿ ಇದೆ, ಅಲ್ಲಿಯೂ ತಾಳಕ್ಕೆ ಚಿತ್ರ ಹಾರುತ್ತದೆ. ಆದರೆ ಕತ್ತರಿ ನಮ್ಮನ್ನು ಒಯ್ಯುವುದು ಯಾವುದರ ಕಡೆಗೆ? ಊಟಕ್ಕೆ ಬಂದ ಕಾವಲುಗಾರ ಗಂಡ, ನೀರಿಗೆ ಹೋದ ಹೆಂಡತಿ, ಬಂಡೆಯ ಕಿಂಡಿ, ಭತ್ತ ಕುಟ್ಟುವ ಒನಕೆ. ಮನೆಗೆಲಸದ ಹತ್ಯಾರವೇ ಅಲ್ಲಿ ಆಯುಧ. ಕೋಟೆಯ ಕಲ್ಲು ಬರಿಯ ಅಂದಕ್ಕೆ ನಿಂತ ಪರದೆಯಲ್ಲ, ಆ ಕಲ್ಲಿನ ಕಿಂಡಿ ಇಲ್ಲದಿದ್ದರೆ ಕಥೆಯೇ ಇಲ್ಲ. ದುಡಿಯುವ ಹೆಂಗಸಿನ ಕೈಯನ್ನು ಚೌಕಟ್ಟಿನ ನಡುವೆ ಇಟ್ಟೂ ಜನರನ್ನು ಹಿಡಿದು ಕೂರಿಸಬಹುದು ಎಂಬುದಕ್ಕೆ ಐವತ್ತು ವರ್ಷ ದಾಟಿದರೂ ಮರೆಯದ ಆ ಹಾಡೇ ಸಾಕ್ಷಿ. ಕೈಚಳಕ ಅದೇ, ಅದನ್ನು ಯಾವುದಕ್ಕೆ ಬಳಸಿದರು ಎಂಬುದು ಬೇರೆ.

ಇದಕ್ಕೆ ಎದುರಾದ ಉದಾಹರಣೆಯೂ ಉಂಟು. 2020ರ ಆಗಸ್ಟಿನಲ್ಲಿ ಚಂದನ್ ಶೆಟ್ಟಿಯವರ 'ಕೋಲುಮಂಡೆ' ಎಂಬ ವಿಡಿಯೋ ಹಾಡು ಬಂದಿತು. ಮಲೆ ಮಹದೇಶ್ವರನ ಪರಂಪರೆಯ ಜನಪದ ಹಾಡಿಗೆ ಹೊಸ ಕಾಲದ ವಾದ್ಯ, ಹೊಸ ಕಾಲದ ಚಿತ್ರ. ಶರಣೆ ಸಂಕಮ್ಮನನ್ನು ತೋರಿಸಿದ ರೀತಿ ಸರಿಯಲ್ಲವೆಂದು ಭಕ್ತರಿಂದ ಆಕ್ಷೇಪ ಎದ್ದಿತು. ಹಾಡಿದವರು ಕ್ಷಮೆ ಕೇಳಿದರು, ವಿಡಿಯೋವನ್ನು ಯೂಟ್ಯೂಬಿನಿಂದ ತೆಗೆದರು.

ಹಳೆಯ ಹಾಡಿಗೆ ಹೊಸ ವಾದ್ಯ ಕೂಡಿಸುವುದು ಅಪರಾಧ ಎಂದು ನಾನು ಹೇಳಲಾರೆ. ಹಾಡು ಬೆಳೆಯುವುದೇ ಹಾಗೆ. ಆದರೆ ಯಡಿಯೂರಿನವರಾದ ನೀವು ಜಂಗಮ ಎಂದರೆ ಏನೆಂದು ಬಲ್ಲವರು. ಜೋಳಿಗೆ ಹಿಡಿದು ಮನೆಯ ಮುಂದೆ ಬಂದು ನಿಲ್ಲುವವನು. ಸಂಕಮ್ಮ ಕಾಡಿನ ಬೇಟೆಗಾರನ ಹೆಂಡತಿ. ಗಂಡ ಜೇನು ತರಲು ಹೋಗುವ ಮುಂಚೆ ಅವಳ ನಡತೆಗೆ ಭಾಷೆ ಕೇಳುತ್ತಾನೆ, ಅವಳು ಕೊಡುವುದಿಲ್ಲ, ಅದಕ್ಕೆ ಅವನು ಕೊಟ್ಟ ಶಿಕ್ಷೆ ಘೋರ. ಇದು ಒಬ್ಬ ಬಡ ಹೆಂಗಸಿನ ಮಾನದ ಕಥೆ. ಹಾಡಿನ ಚಿತ್ರದಲ್ಲಿ ಹೆಣ್ಣನ್ನು ತೋರಿಸಲು ಒಂದು ಸಿದ್ಧ ಅಚ್ಚು ಇದೆ: ಮೊದಲು ಸೊಂಟ, ಆಮೇಲೆ ಕಣ್ಣು, ಆಮೇಲೆ ತುಟಿ, ಕೊನೆಗೆ ಬೇಕಾದರೆ ಮನುಷ್ಯಳು. ಯಾವ ಕಥೆ ತಂದರೂ ಈ ಅಚ್ಚಿಗೆ ಹಾಕಿ ತೆಗೆಯುವ ರೂಢಿ ಬಿದ್ದಿದೆ. ಇಟ್ಟಿಗೆಯ ಅಚ್ಚಿಗೆ ಯಾವ ಮಣ್ಣು ಹಾಕಿದರೂ ಇಟ್ಟಿಗೆಯೇ ಬರುತ್ತದೆ. ಅಂದಿನ ಜಗಳದಲ್ಲಿ ಬೈಗುಳ ಬಿದ್ದದ್ದು ಒಬ್ಬ ಹಾಡುಗಾರರಿಗೆ. ಅಚ್ಚಿನ ಬಗ್ಗೆ ಮಾತನಾಡಿದವರು ಕಡಿಮೆ. ಆ ಅಚ್ಚಿನಿಂದಲೇ ಬಂದ ಬೇರೆ ನೂರು ಹಾಡು ಹಾಗೆಯೇ ಓಡುತ್ತಿವೆ.

ನೋಡುವ ಬಗೆ

ನೀವು ಕೇಳಬಹುದು: "ಸ್ವಾಮಿ, ಹತ್ತು ಗಂಟೆ ದುಡಿದು ಬಂದು ನಾಲ್ಕು ನಿಮಿಷ ಹಾಡು ನೋಡುತ್ತೇವೆ. ಅಲ್ಲಿಯೂ ದುಡಿಮೆಯನ್ನೇ ನೆನೆಯಬೇಕೆ?" ಪ್ರಶ್ನೆ ನ್ಯಾಯವಾದದ್ದು. ಸಂತೋಷ ಪಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ದಣಿದ ಮನುಷ್ಯನಿಗೆ ಮಳೆಯೂ ಬೇಕು, ಹೊಂಬಿಸಿಲೂ ಬೇಕು. ನೋಡಿ, ಚೆನ್ನಾಗಿ ನೋಡಿ. ಆದರೆ ಸಾಲ ಮಾಡಿ ಅದನ್ನೇ ನಮ್ಮ ಅಂಗಳಕ್ಕೆ ತರಬೇಕೆಂದು ಹೊರಟಾಗ ಮಾತ್ರ ಒಮ್ಮೆ ನಿಲ್ಲಿ.

ಅದಕ್ಕೆ ನಾನು ಕಂಡುಕೊಂಡ ಒಂದು ಸುಲಭ ಉಪಾಯ ಹೇಳುತ್ತೇನೆ. ಒಂದು ಹಾಡನ್ನು ಮೂರು ಸಲ ನೋಡಿ. ಮೊದಲನೆಯ ಸಲ ಶಬ್ದ ಪೂರ್ತಿ ನಿಲ್ಲಿಸಿ, ಬರಿ ಚಿತ್ರ ನೋಡಿ. ತಾಳವಿಲ್ಲದಾಗ ಕತ್ತರಿಯ ಕೆಲಸ ಎದ್ದು ಕಾಣುತ್ತದೆ, ಕೆಲವು ಕಡೆ ನಗು ಬರುತ್ತದೆ. ಎರಡನೆಯ ಸಲ ಕಣ್ಣು ಮುಚ್ಚಿ ಹಾಡು ಮಾತ್ರ ಕೇಳಿ. ಹಾಡು ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆಯೋ ಇಲ್ಲವೋ ಆಗ ತಿಳಿಯುತ್ತದೆ. ಮೂರನೆಯ ಸಲ ನಡುವೆ ನೋಡಬೇಡಿ, ಅಂಚುಗಳನ್ನು ಮಾತ್ರ ನೋಡಿ. ಹಿಂದಿನ ಸಾಲಿನ ಮೂರನೆಯ ಹುಡುಗಿಯ ಮುಖ ನೋಡಿ. ಅವಳ ಕಾಲಿನಲ್ಲಿ ಏನಿದೆ ನೋಡಿ. ಅವಳಿಗೆ ಚಳಿಯಾಗುತ್ತಿದೆಯೆ ನೋಡಿ. ಮಕ್ಕಳ ಜೊತೆ ಕುಳಿತು ಇದನ್ನು ಮಾಡಿ. ಬುದ್ಧಿ ಹೇಳಬೇಡಿ, ಆಟದ ಹಾಗೆ ಮಾಡಿ. ಅವರು ನಮಗಿಂತ ಬೇಗ ಕಲಿಯುತ್ತಾರೆ.

ಆ ಕೊಬ್ಬರಿ ವರ್ತಕ ಗೆಳೆಯರ ಮನೆಯಲ್ಲಿ ನಾನು ಇದನ್ನೇ ಮಾಡಿದೆ. ಅವರ ಮಗಳು ಮೂರನೆಯ ಸಲ ನೋಡುವಾಗ ತಾನೇ ಹೇಳಿದಳು: "ದೊಡ್ಡಪ್ಪ, ಇವ್ರಿಬ್ರೂ ನೀರಿನ ಅಂಚಲ್ಲಿ ನಿಂತವ್ರಲ್ಲ, ಜಾರುದ್ರೆ ಹಿಡಿಯೋರು ಯಾರು?" ಮಾರ್ಕೋನಹಳ್ಳಿಯಲ್ಲಿ ಜಲಾಶಯ ತುಂಬಿದರೆ ಸೈಫನ್ನು ತನ್ನಷ್ಟಕ್ಕೆ ತಾನೇ ತೆರೆದುಕೊಂಡು ನೀರು ಬಿಡುತ್ತದೆ ಎಂಬುದು ಈ ಸೀಮೆಯ ಮಕ್ಕಳಿಗೆ ಗೊತ್ತಿರುವ ವಿಷಯವೇ. ಅದನ್ನು ಅವಳೇ ನೆನೆದಳು, ನಾನು ಹೇಳಲಿಲ್ಲ.

ಹಾಗೆಂದು ಅವಳು ಹಠ ಬಿಟ್ಟಳು ಎಂದು ತಿಳಿಯಬೇಡಿ. ಹಾಡಿನ ಚಿತ್ರ ತೆಗೆದೇ ತೆಗೆದರು. ಜಲಾಶಯಕ್ಕೆ ಹೋಗಲಿಲ್ಲ, ಸಕಲೇಶಪುರಕ್ಕೂ ಹೋಗಲಿಲ್ಲ. ಅವಳ ಚಿಕ್ಕಪ್ಪನ ಮಗ ತನ್ನ ಮೊಬೈಲಿನಲ್ಲಿ ಅಂಗಡಿಯ ಹಿಂದಿನ ಅಂಗಳದಲ್ಲಿ ತೆಗೆದ. ಕೊಬ್ಬರಿ ರಾಶಿ, ತಕ್ಕಡಿ, ಲೆಕ್ಕದ ಪುಸ್ತಕ ಹಿಡಿದು ಕುಳಿತ ಹುಡುಗಿ, ಚೀಲ ಎತ್ತಲು ಬಂದು ಎತ್ತಲಾರದೆ ನಕ್ಕ ಮದುವೆಯ ಗಂಡು. ಹಿಂದೆ ಮೂಟೆ ಹೊರುವ ಇಬ್ಬರು ಕೆಲಸಗಾರರು, ಅವರ ಮುಖ ಚೆನ್ನಾಗಿ ಕಾಣುತ್ತದೆ. ಬಿಸಿಲು ನಡು ಮಧ್ಯಾಹ್ನದ್ದು, ಕಣ್ಣು ಕೋರೈಸುತ್ತದೆ. ಚಿತ್ರ ಅಲ್ಲಲ್ಲಿ ಅಲುಗುತ್ತದೆ. ಒಂದು ಕಡೆ ತೆಗೆಯುವವನ ಬೆರಳೇ ಅಡ್ಡ ಬಂದಿದೆ.

ಛತ್ರದಲ್ಲಿ ಮದುವೆಯ ಹಿಂದಿನ ರಾತ್ರಿ ಅದನ್ನು ಗೋಡೆಯ ಮೇಲೆ ತೋರಿಸಿದರು. ಮೂಟೆ ಹೊರುವವರಲ್ಲಿ ಒಬ್ಬರು ತಮ್ಮ ಹೆಂಡತಿ ಮಕ್ಕಳೊಂದಿಗೆ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಅವರ ಮುಖ ಗೋಡೆಯ ಮೇಲೆ ಬಂದಾಗ ಅವರ ಚಿಕ್ಕ ಮಗ ಎದ್ದು ನಿಂತು ಕೂಗಿದ, "ಅಪ್ಪ!" ಎಂದು. ಇನ್ನೊಂದು ಸಲ ಹಾಕಿ ಎಂದು ಜನ ಕೇಳಿದರು. ಹಾಕಿದರು.

ನನಗೆ ಕೊಟ್ಟ ಸಮಯ ಮುಗಿಯಿತು. ಬೆಲೆ ಏರಿಕೆಯ ಬಗ್ಗೆ ನನ್ನ ನಂತರ ಮಾತನಾಡುವವರು ಹೇಳುತ್ತಾರೆ.